ಆ ಶನಿವಾರ ಮೈದಾನದಲ್ಲಿದ್ದವರು ಯಾರು?

ಪುಣೆ, ನವೆಂಬರ್ ೧೯೯೮

ಕಾಲೇಜಿನ ಆಡಳಿತ ಮಂಡಳಿಯ ಮಾನ್ಯ ಕಾರ್ಯದರ್ಶಿಗಳೇ,

ಕಳೆದ ತಿಂಗಳ ಒಂದು ಶನಿವಾರ, ನೆತ್ತಿ ಸುಡುವ ಮಧ್ಯಾಹ್ನ, ನಮ್ಮ ಖೋ-ಖೋ ತಂಡದ ಹುಡುಗಿಯರನ್ನು ಡಾಂಬರಿನ ಮೇಲೆ ಬರಿಗಾಲಲ್ಲಿ ಓಡಿಸಿದವರು ಕಾಲೇಜಿನ ಕೋಚ್ ಅಲ್ಲವೆಂದು ತಾವು ತೀರ್ಮಾನಿಸಿದ್ದೀರಿ. ಹಾಗಾದರೆ ಅವರು ಯಾರೆಂದು ತಿಳಿಸಿ ಉಪಕರಿಸಬೇಕು. ಇದನ್ನು ಪುಣೆಯ ಕನ್ನಡಿಗರ ಮನೆಮನೆಗೆ ಹೋಗುವ ಈ ಮಾಸಿಕದಲ್ಲಿ ಅಚ್ಚು ಹಾಕಿಸಲು ಕಾರಣವಿದೆ. ಮರಾಠಿಯಲ್ಲಿ ಕೊಟ್ಟ ದೂರು ತಮ್ಮ ಮೇಜಿನ ಮೇಲೆ ಮಲಗಿದೆ, ಇಂಗ್ಲಿಷಿನದು ಡ್ರಾಯರಿನೊಳಗೆ. ಕನ್ನಡದ್ದಾದರೆ ತಮ್ಮ ಮನೆಯವರಾದರೂ ಓದಿ, ತಾವು ಊಟಕ್ಕೆ ಕುಳಿತಾಗ ವಿಚಾರಿಸಿಕೊಳ್ಳುತ್ತಾರೆ ಎಂಬ ದೂರದ ಆಸೆ.

ಓದುಗರಿಗಾಗಿ, ನಡೆದದ್ದು ಇಷ್ಟು. ಕೋಥರೂಡದಿಂದ ಬರುವ ಸಿಟಿ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ನಾವು ಕೆಲವರು ಅಭ್ಯಾಸಕ್ಕೆ ತಡವಾಗಿ ಬಂದೆವು. ಕೋಚ್ ಸರ್ (ಆರೋಪ ಇನ್ನೂ ಆರೋಪವೇ ಆದ್ದರಿಂದ ಹೆಸರು ಬರೆಯುವುದಿಲ್ಲ, ಅಷ್ಟು ನ್ಯಾಯ ನನಗೂ ಗೊತ್ತು) ನಮ್ಮ ಚಪ್ಪಲಿಗಳನ್ನು ಕಂಪೌಂಡಿನಾಚೆ ಎಸೆದು, ಗಾಡಿ ನಿಲ್ಲಿಸುವ ಡಾಂಬರಿನ ಅಂಗಳದಲ್ಲಿ ಸುತ್ತು ಹೊಡೆಯಲು ಹೇಳಿದರು. ಖೋ-ಖೋ ಆಡುವವರಿಗೆ ಬರಿಗಾಲು ಹೊಸದಲ್ಲ, ಆದರೆ ಅದು ಮಣ್ಣಿನ ಮೇಲೆ. ನಮ್ಮಲ್ಲೆಲ್ಲ ಅತಿ ವೇಗವಾಗಿ ಓಡುವ ತನುಶ್ರೀ, "ಸರ್, ಕಾಲು ಸುಡ್ತಾ ಉಂಟು" ಎಂದಳು.

"ಕಾಲು ಸುಡೋರು ನೆರಳಾಗ ಕುಂದರಬೇಕವ್ವ, ಆಡಾಕ ಬರಬಾರದು" ಎಂದರು ಸರ್.

ಅವಳು ಹೋಗಿ ನೆರಳಿನಲ್ಲಿ ಕುಳಿತಳು. ಅವಳ ಅಶಿಸ್ತು ಅಷ್ಟೇ. ಅಂಗಾಲಿನ ತುಂಬ ಬೊಬ್ಬೆಗಳೆದ್ದಿದ್ದವು. ಅದೇ ಸಂಜೆ, ವಿಶ್ವವಿದ್ಯಾಲಯದ ತಂಡದ ಆಯ್ಕೆಗೆ ಹೋಗುವ ಹನ್ನೆರಡು ಹುಡುಗಿಯರ ಪಟ್ಟಿಗೆ ಕೋಚ್ ಸರ್ ಸಹಿ ಹಾಕಿದರು. ತನುಶ್ರೀಯ ಹೆಸರು ಅದರಲ್ಲಿರಲಿಲ್ಲ. ಅವಳ ತಂದೆ ಭುಜಂಗಣ್ಣ ಕೋಥರೂಡದಲ್ಲಿ ಸಣ್ಣ ಹೋಟೆಲು ನಡೆಸುವವರು. ಅವರು ಮೊದಲೇ ಹೇಳಿಬಿಟ್ಟಿದ್ದಾರೆ: "ಈ ವರ್ಷ ಆಯ್ಕೆ ಆಗದಿದ್ರೆ ಆಟ ಸಾಕು ಮಾರಾಯ್ತಿ, ಬಂದು ಹೋಟೆಲಿನ ಗಲ್ಲಾಪೆಟ್ಟಿಗೆ ಹತ್ರ ಕೂತ್ಕೋ."

ದೂರು ಹಿಡಿದು ಬಂದ ನಮಗೆ ತಾವು ಮೊದಲು ಚಹಾ ತರಿಸಿದಿರಿ, ಆಮೇಲೆ ಕಡತ ತರಿಸಿದಿರಿ. ನಂತರ ಪ್ರಸನ್ನವದನರಾಗಿ ಹೇಳಿದಿರಿ:

"ನೋಡ್ರವ್ವಾ, ಅಂವಂದು ಹನ್ನೊಂದು ತಿಂಗಳ ಕರಾರು. ಶುಕ್ರವಾರ ಮುಗದದ, ಸೋಮವಾರ ಹೊಸಾದು ಚಾಲೂ ಆಗೇದ. ನಡುವ ಬ್ರೇಕ್. ಶನಿವಾರ ಅಂವ ನಮ್ಮ ನೌಕರನ ಅಲ್ಲ. ನೌಕರ ಅಲ್ಲದವನ ಮ್ಯಾಲೆ ನಾ ಏನ್ ಕ್ರಮ ತಗೊಳ್ಳಲಿ?"

"ಮತ್ತ ಆ ಪಟ್ಟಿ, ಸರ್?" ಎಂದೆ.

"ಪಟ್ಟಿ ಪಟ್ಟೀನ. ಚಹಾ ಆರ್ತದ, ಕುಡೀರಿ."

ಎಂಥ ಅದ್ಭುತ ಏರ್ಪಾಡು! ಸತತ ಸೇವೆ ಮಾಡಿದ್ದೇನೆಂದು ಯಾರೂ ಕಾಯಂ ನೌಕರಿ ಕೇಳಬಾರದೆಂದು ಹುಟ್ಟಿದ್ದು ಈ ಬ್ರೇಕ್. ಅದಕ್ಕೆ ಅಂಗಾಲಿನ ಬೊಬ್ಬೆಗಳನ್ನೂ ಮಾಯ ಮಾಡುವ ಶಕ್ತಿಯಿದೆ ಎಂದು ಕಂಡುಹಿಡಿದ ಕೀರ್ತಿ ತಮ್ಮದೇ. ಆದರೂ ಮಂದಬುದ್ಧಿಯ ನನಗೊಂದು ಸಂಶಯ. ವಿದ್ಯಾರ್ಥಿನಿಯರ ಚಪ್ಪಲಿ ಎಸೆಯಲು ಯಾರೋ ಹೊರಗಿನವರು ಸೀಟಿ ಊದುತ್ತ ಬಂದಾಗ ಕಾವಲುಗಾರ ಅವರಿಗೆ ಸಲಾಮು ಹೊಡೆದು ಗೇಟು ತೆರೆದದ್ದೇಕೆ? ಆ ಹೊರಗಿನವರ ಸಹಿಗೆ ಕಾಲೇಜಿನ ಮೊಹರು ಬಿದ್ದದ್ದು ಹೇಗೆ?

ಸಂಶಯ ಪರಿಹಾರಕ್ಕಾಗಿ ನಾನೊಂದು ಪ್ರಯೋಗ ಮಾಡಿದೆ. ತಮಗೆ ಅದರ ವರದಿ ಬಂದಿರಬಹುದು. ಎರಡು ಕ್ಲಾಸುಗಳ ನಡುವಿನ ಬಿಡುವಿನಲ್ಲಿ ಕೊರಳಿಗೆ ಸೀಟಿ ಕಟ್ಟಿಕೊಂಡು, ಅದೇ ಡಾಂಬರಿನ ಅಂಗಳದಲ್ಲಿ ನಿಂತು, ಆಫೀಸಿನ ಹೆಡ್ ಕ್ಲಾರ್ಕ್ ಶಿವರುದ್ರಪ್ಪನವರು ಹಾದುಹೋಗುವಾಗ ಜೋರಾಗಿ ಊದಿ, "ಎರಡು ಸುತ್ತು, ಚಾಲೂ!" ಎಂದೆ. ಪಾಪ, ಸಭ್ಯಸ್ಥರು, ನಾಲ್ಕು ಹೆಜ್ಜೆ ಓಡಿಯೂ ಬಿಟ್ಟರು. ಆಮೇಲೆ ನಿಂತು, "ಏ ಹುಡುಗಿ, ಏನ್ ಹಚ್ಚೀದಿ ಇದು?" ಎಂದರು.

"ಸರ್, ಈಗ ನಾ ಈ ಕಾಲೇಜಿನ ವಿದ್ಯಾರ್ಥಿನಿ ಅಲ್ರಿ. ಬ್ರೇಕ್‌ನ್ಯಾಗ ಅದೀನಿ."

"ಬ್ರೇಕ್‌ನ್ಯಾಗ ಅದೀ? ಬಾ, ಪ್ರಿನ್ಸಿಪಾಲರ ಮುಂದ ಹೇಳು ಬಾ!"

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನನಗೆ ಹೆಮ್ಮೆ. ನನಗೆ ನೋಟಿಸು ಕೊಟ್ಟರು, ಉತ್ತರ ಬರೆಯಲು ಕಾಗದ ಕೊಟ್ಟರು, ಶಿವರುದ್ರಪ್ಪನವರ ಮಾತು ಕೇಳಿದರು, ನನ್ನ ಮಾತೂ ಕೇಳಿದರು, ಸೀಟಿಯನ್ನು ಸಾಕ್ಷ್ಯವೆಂದು ಜಪ್ತಿ ಮಾಡಿದರು, ಕ್ಷಮಾಪಣೆ ಬರೆಸಿಕೊಂಡರು. ಎಲ್ಲವೂ ಒಂದೇ ದಿನದಲ್ಲಿ! ಅಂದರೆ ಮಾನ್ಯರೇ, ನಮ್ಮ ಕಾಲೇಜಿಗೆ ವಿಚಾರಣೆ ಮಾಡಲು ಚೆನ್ನಾಗಿ ಬರುತ್ತದೆ. ಮನಸ್ಸು ಬರುವುದಿಲ್ಲ, ಅಷ್ಟೇ.

ಇನ್ನು ಕೋಚ್ ಸರ್ ವಿಷಯ. ನಮಗೆ ಅವರ ಮೇಲೆ ದ್ವೇಷವಿಲ್ಲ. ಕಂಬ ಹಿಡಿದು ತಿರುಗುವುದನ್ನು ನನಗೆ ಕಲಿಸಿದವರು ಅವರೇ. ತಾವು ಹೇಳಿದ್ದನ್ನು ನಾವು ಹೋಗಿ ಅವರಿಗೆ ಹೇಳಿದೆವು. "ನೌಕರಿ ಇರಲಿಲ್ಲಂದ್ರ ಆವತ್ತ ನಾ ಯಾಕ ಬಂದಿದ್ದೆವ್ವಾ?" ಎಂದರು. ಏಳು ವರ್ಷಗಳಿಂದ ಪ್ರತಿ ಬ್ರೇಕಿನಲ್ಲೂ ಸಂಬಳವಿಲ್ಲದೆ ಬರುತ್ತಿದ್ದಾರಂತೆ. ಹೊರಡುವಾಗ ಕರೆದು, "ನಂದು ತಪ್ಪಿದ್ರ ಕರದು ಕೇಳ್ಲಿ. ಹೇಳೂದು ನನಗೂ ಅದ" ಎಂದರು. ಆರೋಪ ಹೊತ್ತವರೇ ವಿಚಾರಣೆ ಕೇಳುವ ಕಾಲೇಜು ಪುಣೆಯಲ್ಲಿ ಮತ್ತೊಂದು ಇದೆಯೇ?

ಆದ್ದರಿಂದ ನನ್ನ ಬೇಡಿಕೆ ಒಂದು ವಾಕ್ಯದ್ದು. ಆ ಶನಿವಾರ ಅವರು ನಮ್ಮ ಕೋಚ್ ಆಗಿದ್ದರೋ ಇಲ್ಲವೋ, ಬರೆದುಕೊಡಿ. ಆಗಿದ್ದರೆ, ಕರಾರಿನಲ್ಲಿ ಇರುವ ಹಾಗೆ ಅವರಿಗೆ ನೋಟಿಸು ಕೊಡಿ, ಅವರನ್ನೂ ಕೇಳಿ, ತನುಶ್ರೀಯನ್ನೂ ಕೇಳಿ, ಏನಾದರೊಂದು ತೀರ್ಪು ಕೊಡಿ. ಆಗಿರಲಿಲ್ಲವಾದರೆ ಆ ಪಟ್ಟಿ ದಾರಿಹೋಕರು ಸಹಿ ಹಾಕಿದ ಪಟ್ಟಿ. ಅದನ್ನು ಹಿಂದಕ್ಕೆ ತರಿಸಿ, ಅವರು ಕೋಚ್ ಆಗಿರುವ ದಿನ ಹೊಸದಾಗಿ ಮಾಡಿಸಿ. ಒಬ್ಬರೇ ವ್ಯಕ್ತಿ ಬೊಬ್ಬೆಯ ಲೆಕ್ಕಕ್ಕೆ ಹೊರಗಿನವರು, ಸಹಿಯ ಲೆಕ್ಕಕ್ಕೆ ಒಳಗಿನವರು ಆಗುವುದು ಬೇಡ. ಹೆಸರು ಬದಲಿಸಲು ಈ ತಿಂಗಳ ಕೊನೆಯವರೆಗೆ ಅವಕಾಶವಿದೆ. ತನುಶ್ರೀಯ ಕಾಲು ವಾಸಿಯಾಗಿದೆ.

ಹೊಸ ಪಟ್ಟಿ ಮಾಡಿದರೆ ಯಾರ ಹೆಸರು ಹೋಗುತ್ತದೆ ಎಂದು ತಾವು ಕೇಳಬಹುದು. ತನುಶ್ರೀಯ ಜಾಗದಲ್ಲಿ ಬಂದು ಕುಳಿತವಳು ನಾನೇ. "ಸಿಕ್ಕದ್ದನ್ನ ಯಾರರ ಬಿಟ್ಟು ಕೊಡ್ತಾರೇನ ಹುಚ್ಚಿ?" ಎಂದು ನಮ್ಮ ಅವ್ವ ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ. ಏನು ಮಾಡಲಿ? ನಾನು ಓಡುವುದನ್ನು ಅವ್ವ ನೋಡಿಲ್ಲ, ತನುಶ್ರೀ ಓಡುವುದನ್ನೂ ನೋಡಿಲ್ಲ. ನಾನು ಎರಡನ್ನೂ ನೋಡಿದ್ದೇನೆ.

ಇಂತಿ,
ತನ್ನ ಹೆಸರನ್ನು ಹೊಡೆದುಹಾಕಿರೆಂದು ತಾನೇ ಅರ್ಜಿ ಗುಜರಾಯಿಸುತ್ತಿರುವ ನತದೃಷ್ಟೆ,
ಶೀತಲ್ ನಿಜಲಿಂಗಪ್ಪ ಹಂಚಿನಾಳ
ಬಿ.ಕಾಂ. ಎರಡನೇ ವರ್ಷ, ಸದ್ಯಕ್ಕೆ ಪಟ್ಟಿಯಲ್ಲಿ ಹನ್ನೆರಡನೆಯವಳು