ಎಡಗಡೆ ಮುಂದಿನ ಚಕ್ರ

ರೀ, ಕಾರು ತೆಗೀಬೇಡಿ. ಕೀ ನನ್ನ ಬ್ಯಾಗಲ್ಲಿದೆ, ಹುಡುಕಬೇಡಿ. ಅತ್ತೆನ ಕರ್ಕೊಂಡು ಬರೋಕೆ ಯಶವಂತಪುರ ಸ್ಟೇಷನ್ನಿಗೆ ಆಟೋದಲ್ಲೇ ಹೋಗಿ.

ಭಾನುವಾರ ಆ ನಟ್ಟು ಬಿಚ್ಚಿ ಬಿಗಿಯೋ ಹೊಸ ಬ್ಯಾಟರಿ ಗನ್ನಲ್ಲಿ ನಾಲ್ಕೂ ಚಕ್ರ ಬಿಚ್ಚಿ ಹಾಕಿದ್ರಲ್ಲ, ಕೊನೇ ಚಕ್ರದ ಹೊತ್ತಿಗೆ ಅದರ ಚಾರ್ಜ್ ಮುಗೀತಾ ಬಂದಿತ್ತು. ಸ್ಪ್ಯಾನರ್ ಹಾಕಿ ಕೈಯಲ್ಲೂ ಒಂದ್ಸಲ ಬಿಗಿ ಮಾಡಿ ಅಂದೆ. "ಅಷ್ಟು ಸದ್ದು ಮಾಡ್ತಲ್ಲೇ, ಇನ್ನೇನ್ ಬಿಗಿ ಬೇಕು" ಅಂದ್ರಿ.

ಬೆಳಿಗ್ಗೆ ಕಸ ಗುಡಿಸುವಾಗ ಗೇಟ್ ಹತ್ರ ಒಂದು ನಟ್ಟು ಸಿಕ್ತು. ಎಡಗಡೆ ಮುಂದಿನ ಚಕ್ರದ್ದು. ಅದರ ಉಳಿದ ನಟ್ಟುಗಳೂ ಬರೀ ಬೆರಳಲ್ಲೇ ತಿರುಗ್ತಿವೆ. ಸಿಕ್ಕಿದ ನಟ್ಟನ್ನ ಈ ಚೀಟಿ ಮೇಲೇ ಇಟ್ಟಿದ್ದೀನಿ. ನಿಮ್ಮ ಮೇಲೆ ಕೋಪ ಮಾಡ್ಕೊಳ್ಳೋಕೂ ಆಗ್ತಿಲ್ಲ.

ಪಂಕ್ಚರ್ ಅಂಗಡಿ ಮುನಿರಾಜು ಅವರಿಗೆ ಹೇಳಿದ್ದೀನಿ, ಮನೆಗೇ ಬರ್ತಾರೆ. ಅವರು ನಾಲ್ಕೂ ಚಕ್ರ ನೋಡೋವರೆಗೆ ಆ ಗನ್ ಮುಟ್ಟಬೇಡಿ. ಚಿತ್ರಾನ್ನ ಮುಚ್ಚಿಟ್ಟಿದ್ದೀನಿ, ತಿನ್ನಿ.

ನಿನ್ನೆ ಕೀರ್ತಿನ ಸ್ಕೂಲಿಂದ ಕರ್ಕೊಂಡು ಬರುವಾಗ ಹೆಬ್ಬಾಳ ಫ್ಲೈಓವರ್ ಮೇಲೆ ಟಕ್ ಟಕ್ ಅಂತಿತ್ತು. ರಸ್ತೆ ಸರಿಯಿಲ್ಲ ಅಂದ್ಕೊಂಡೆ. ಮಗು ಆ ಸದ್ದಿಗೆ ಸರಿಯಾಗಿ ಚಪ್ಪಾಳೆ ತಟ್ಕೊಂಡು ಹಾಡ್ತಿತ್ತು. ನಾನೂ ಜೊತೆಗೆ ಹಾಡಿದೆ.