ಅಳುವಿನ ಬಗ್ಗೆ ನೀನು ಬರೆದ ಪುಸ್ತಕ

೧೪ನೇ ತಾರೀಕು, ಸೋಮವಾರ

ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಾವು ಕ್ಷೇಮ. ಅಚ್ಚಿಗೆ ಹೋಗುವ ಮುನ್ನ ಓದಲೆಂದು ನೀನು ಕಳಿಸಿದ ಪುಸ್ತಕದ ಪ್ರತಿ ಬಂದು ಎಷ್ಟೋ ದಿನವಾಯಿತು. ಇಲ್ಲಿ ಕೈತುಂಬ ಕೆಲಸ. ಒಬ್ಬ ಅಜ್ಜನಿಗೆ ಮೊಮ್ಮಗಳ ಮದುವೆಯೊಳಗೆ ಹಲ್ಲಿನ ಸೆಟ್ ಬೇಕಂತೆ. ಮೇಣದಲ್ಲಿ ಹಲ್ಲು ಕೂಡಿಸಿ ಹಾಕಿ ತೋರಿಸಿದರೆ, "ಇದು ನನ್ನ ನಗು ಅಲ್ಲಮ್ಮ, ಯಾರೋ ಬೇರೆಯವರದ್ದು" ಅನ್ನುತ್ತಾರೆ. ಮತ್ತೆ ಬಿಚ್ಚಿ ಕೂಡಿಸುತ್ತಿದ್ದೇನೆ. ತಡಕ್ಕೆ ಕ್ಷಮಿಸು ಎಂದು ಬರೆಯಬೇಕು, ಬರೆದಿದ್ದೇನೆ ಎಂದುಕೋ.

ಪುಸ್ತಕ ಓದಿದೆ. ಗೋಳು, ರೋದನ, ವಿಲಾಪ, ಪ್ರಲಾಪ ಎಲ್ಲವನ್ನೂ ಚೆನ್ನಾಗಿ ಬಿಡಿಸಿದ್ದೀಯ. ಧರ್ಮಗ್ರಂಥದ ದೊಡ್ಡವರೆಲ್ಲ ಬೂದಿಯಲ್ಲಿ ಕೂತು ದೇವರನ್ನೇ ತರಾಟೆಗೆ ತೆಗೆದುಕೊಂಡವರು, ಗೋಳಾಡುವುದು ನಂಬಿಕೆಯ ಕೊರತೆಯಲ್ಲ, ಕೇಳುವವನೊಬ್ಬ ಇದ್ದಾನೆಂದು ನಂಬಿದವರೇ ಗೋಳಾಡುವುದು ಎನ್ನುತ್ತೀಯ. ಮಾತು ನಿಜ. ಅದನ್ನು ನೀನು ಹೇಳುತ್ತಿದ್ದೀಯಲ್ಲ, ಅದಕ್ಕೆ ನನಗೆ ಮೈ ಉರಿಯುತ್ತದೆ.

ಕೊನೆಯ ಅಧ್ಯಾಯದಲ್ಲಿ ಯಾರೋ 'ಒಬ್ಬ ತಾಯಿ' ಬರುತ್ತಾಳೆ. ಮಗಳು ಜ್ವರದಲ್ಲಿ ತೀರಿಕೊಂಡ ದಿನ ಅವಳು ಅಳಲಿಲ್ಲ, ದುಃಖವನ್ನು ತಾನೇ ನುಂಗಿಕೊಂಡಳು, ಗ್ರಂಥ ಅಳಬೇಡ ಎನ್ನುವುದಿಲ್ಲವೆಂದು ಪಾಪ ಅವಳಿಗೆ ತಿಳಿದಿರಲಿಲ್ಲ ಎಂದು ಬರೆದಿದ್ದೀಯ. ಬಿಡುಗಡೆಯ ದಿನ ನಾನು ಮುಂದಿನ ಸಾಲಿನಲ್ಲಿ ಕೂರಬೇಕಂತೆ, ಆ ತಾಯಿ ಇವಳೇ ಎಂದು ನೀನು ಜನರಿಗೆ ತೋರಿಸುತ್ತೀಯಂತೆ.

ತಾನೇ ನುಂಗಿಕೊಂಡಳೇ? ಅಂದು ನಾನು ಪುಟ್ಟಿಯ ಪಕ್ಕ ಕೂತು ಅಳಲು ಬಾಯಿ ತೆರೆದಿದ್ದೆ. ನೀನು ಆಗಷ್ಟೇ ಪ್ರವಚನ ಶುರುಮಾಡಿದವನು, ನಿನ್ನ ಸಭೆಯ ಹಿರಿಯರು ಹಜಾರದಲ್ಲಿದ್ದರು. ಒಳಗೆ ಓಡಿಬಂದು ಬಾಗಿಲು ಹಾಕಿ ನನ್ನ ಬಾಯಿಯ ಮೇಲೆ ಅಂಗೈ ಒತ್ತಿ ಹಿಡಿದೆ. "ಅಕ್ಕಾ, ಸುಮ್ನಿರು. ಹೊರಗೆ ಹಿರಿಯರೆಲ್ಲ ಕೂತಿದಾರೆ. ನಂಬಿಕೆ ಇರೋರ ಮನೇಲಿ ಹೀಗೆ ಕಿರುಚ್ತಾರಾ? ನನ್ನ ಮಾನ ಕಳೀಬೇಡ" ಅಂದೆ. ನಾನು ಸುಮ್ಮನಾಗುವವರೆಗೆ ಕೈ ತೆಗೆಯಲಿಲ್ಲ. ಮುಂದಿನ ವಾರವೇ ವೇದಿಕೆ ಹತ್ತಿ, ಕಣ್ಣೀರು ಹಾಕದ ತಾಯಿಯ ನಂಬಿಕೆ ನೋಡಿ ಎಂದು ನನ್ನನ್ನು ಹೊಗಳಿದೆ. ಆಗ ನನ್ನ ಮೌನವನ್ನು ಹೊಗಳಿ ಹೆಸರು ಮಾಡಿದೆ, ಈಗ ಅದಕ್ಕೆ ಮರುಗಿ ಹೆಸರು ಮಾಡಲು ಹೊರಟಿದ್ದೀಯ. ನಿನ್ನಂಥ ಜಾಣನನ್ನು ನಾನು ನೋಡಿಲ್ಲ.

ಮೊನ್ನೆ ಫೋನಿನಲ್ಲಿ ಈ ವಿಷಯ ಎತ್ತಿದ್ದಕ್ಕೆ, "ಹಳೇದನ್ನೆಲ್ಲ ಯಾಕೆ ಕೆದಕ್ತೀಯ ಅಕ್ಕ" ಎಂದೆ. ಕೆದಕಿ ಅಚ್ಚು ಹಾಕಿಸುತ್ತಿರುವವನು ನೀನು, ನಾನಲ್ಲ.

ಆದ್ದರಿಂದ ಆ ಕೈ ನಿನ್ನದು ಎಂದು ನಿನ್ನ ಪುಸ್ತಕದಲ್ಲೇ ಬರಿ. ಬರೆಯದಿದ್ದರೆ ಮುಂದಿನ ಸಾಲಿಗೆ ಬೇರೆ ಯಾರನ್ನಾದರೂ ಹುಡುಕಿಕೋ. ಹಾಗೇ ಅಚ್ಚಾಯಿತೋ, ಸಭೆಯ ನಡುವೆ ಎದ್ದು ನಿಂತು ನಾನೇ ಹೇಳುತ್ತೇನೆ. ನನ್ನ ಸ್ವಭಾವ ನಿನಗೆ ಗೊತ್ತು.

ದೇವರು ನಿನಗೆ ಆಯುಸ್ಸು ಕೊಡಲಿ, ಜೊತೆಗೆ ಸ್ವಲ್ಪ ನಾಚಿಕೆಯನ್ನೂ ಕೊಡಲಿ. ನಿನ್ನ ಹೆಂಡತಿ ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ಅವರ ಮೇಲೆ ನನಗೇನೂ ಕೋಪವಿಲ್ಲ.

ಇಂತಿ,
ನಿನ್ನ ಅಕ್ಕ

ತಾ.ಕ.: ನಿನ್ನ ಪುಸ್ತಕವನ್ನು ನಿನ್ನ ಭಾವನೂ ಓದಿದರು. ಪುಟ್ಟಿ ಹೋದಮೇಲೆ ಅವರು ನನ್ನೆದುರು ಅವಳ ಹೆಸರನ್ನೇ ಎತ್ತಿರಲಿಲ್ಲ. ದುಃಖಕ್ಕೆ ಎಂದುಕೊಂಡಿದ್ದೆ. ಅಂದು ನೀನು ಬಾಗಿಲು ಹಾಕಿದ ಮೇಲೆ ಅವರು ಆಚೆಯೇ ನಿಂತಿದ್ದರಂತೆ, ಒಳಗಿಂದ ನನ್ನ ಅಳುವಿನ ಒಂದು ಸದ್ದೂ ಬರಲಿಲ್ಲವಂತೆ. ನಿನ್ನೆ ಚಹಾ ಕುಡಿಯುತ್ತ ಕೇಳಿದರು, "ನಿಜ ಹೇಳು, ಅವಳು ಹೋದಾಗ ನಿನಗೆ ಅಳು ಬಂದಿತ್ತಾ?" ಬಂದಿತ್ತು, ನಿಮ್ಮ ಭಾಮೈದ ಬಾಯಿ ಮುಚ್ಚಿದ ಎಂದೆ. "ಇಷ್ಟು ವರ್ಷ ಇಲ್ಲದ್ದು ಈಗ ಹೇಳ್ತಿದೀಯ" ಎಂದು ಎದ್ದು ಹೋದರು.