ಗೋಪುರದ ಕೆಳಗೆ ನಿಂತ ನೀಸಾ

ಶಹಾಪುರ
೨೦ ನವೆಂಬರ್ ೨೦೨೩

ಮುದ್ದಿನ ಮೋನಿಗೆ,

ಅವ್ವನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ಹಬ್ಬ ಮುಗಿಸಿ ನೀನು ಯಾದಗಿರಿ ಬಸ್ಸು ಹತ್ತಿದ ದಿನವೇ ಬರೆಯಲು ಕೂತಿದ್ದೆ. ಹೊಲಿಗೆಗೆ ಬಂದ ಮದುವೆಯವರ ಜಂಪರುಗಳು ಮಿಷಿನ್ನಿನ ಪಕ್ಕ ಗುಡ್ಡೆ ಬಿದ್ದಿದ್ದವು, ಹಾಗಾಗಿ ತಡವಾಯಿತು, ಸಿಟ್ಟಾಗಬೇಡ. ಫೋನು ಇರುವಾಗ ನಿಮ್ಮವ್ವ ಕಾಗದ ಯಾಕೆ ಬರೆಯುತ್ತಾಳೆ ಎಂದು ಹಾಸ್ಟೆಲಿನ ಹುಡುಗಿಯರು ನಕ್ಕರೆ ನಗಲಿ. ಫೋನಿನಲ್ಲಿ ನಾನೊಂದು ಕೇಳುತ್ತೇನೆ, ನೀನು "ಹ್ಞೂ" ಅನ್ನುತ್ತೀ, ಇನ್ನೊಂದು ಕೇಳುವುದರೊಳಗೆ "ಇಡ್ತೀನಿ" ಅನ್ನುತ್ತೀ. ಕಾಗದವನ್ನು ಹಾಗೆ ನಡುವೆ ಇಡಲು ಬರುವುದಿಲ್ಲ.

ಕಾಲುವೆಗೆ ನೀರು ಬಂದಿದೆ. ಗೇಟು ಎತ್ತುವುದು, ಇಳಿಸುವುದು, ಕೊನೆಯ ಹೊಲದವರ ಕೈಯಲ್ಲಿ ಬೈಸಿಕೊಳ್ಳುವುದು, ಇಷ್ಟರಲ್ಲೇ ನಿಮ್ಮಪ್ಪನ ದಿನ ಮುಗಿಯುತ್ತದೆ. ಮನೆಗೆ ಬಂದರೆ ಅವನದು ಎರಡೇ ಮಾತು. ನೀರು ಬಿಟ್ಟಾರ, ಇಲ್ಲವೇ ನೀರು ಬಂದ್ ಮಾಡ್ಯಾರ. ಸುರಪುರದ ನಿಮ್ಮ ಚಿಗವ್ವ ಸಂಕ್ರಾಂತಿಗೆ ಎಲ್ಲರೂ ಬರಬೇಕೆಂದು ಹೇಳಿಕಳಿಸಿದ್ದಾಳೆ.

ಈಗ ನಗುವ ಸುದ್ದಿ. ಹೊಸದು ಬಂದ ಮೇಲೆ ನೀನು ಬಿಟ್ಟುಹೋದ ಗಾಜು ಒಡೆದ ಫೋನು ನನ್ನ ಮಿಷಿನ್ನಿನ ಮೇಲೇ ಇರುತ್ತದೆ. ಪ್ರತಿ ಭಾನುವಾರ ಅದು ಟಿಣ್ ಅಂದು "ಮಂಜಿನ ಕೋಟೆ: ಹೊಸ ಕಂತು ಬಂದಿದೆ" ಎಂದು ತೋರಿಸುತ್ತಿತ್ತು. ಮಳೆಗಾಲದಲ್ಲಿ ಒಂದು ದಿನ ಏನಿದು ನೋಡೋಣವೆಂದು ಒತ್ತಿದೆ. ಚಿತ್ರಗಳ ಕಥೆ, ಅದೂ ಕನ್ನಡದಲ್ಲಿ. ಬೆರಳಿನಿಂದ ಸರಿಸಿದಷ್ಟೂ ಬರುತ್ತದೆ. ನೀನು ಊಟದ ತಟ್ಟೆಯ ಮುಂದೆಯೂ ಬಿಡದೆ ನೋಡುತ್ತಿದ್ದದ್ದು ಇದೇ ಎಂದು ತಿಳಿದು, ಮೊದಲಿನಿಂದ ಹಿಡಿದು ಎಲ್ಲ ಓದಿಬಿಟ್ಟೆ.

ಮೋನಿ, ಆ ವೆರೋನನಂಥ ಬೆಪ್ಪ ರಾಜಕುಮಾರನನ್ನು ನಾನೆಲ್ಲೂ ಕಂಡಿಲ್ಲ. ಪ್ರೀತಿಯನ್ನು ಬಾಯಿಬಿಟ್ಟು ಹೇಳಿದರೆ ಕಲ್ಲಾಗುವ ಶಾಪ ಅವನಿಗಿತ್ತು, ಒಪ್ಪೋಣ. ಆ ಶಾಪ ಹರಿದು ಎಷ್ಟು ಕಾಲವಾಯಿತು! ಮಾಟಗಾತಿ ಸತ್ತಳು, ಹಿಮ ಕರಗಿತು, ಕುದುರೆಗೆ ರೆಕ್ಕೆ ಬಂದವು, ಇವನಿಗೆ ಮಾತ್ರ ಬಾಯಿ ಬರಲಿಲ್ಲ. ಗೋಪುರದ ಮೇಲೆ ನಿಂತು ಕೂದಲು ಹಾರಿಸುತ್ತಾ ಕೆಳಗೆ ನೋಡುತ್ತಾನೆ. ಕೆಳಗೆ ನೀಸಾ ನಿಂತು ಮೇಲೆ ನೋಡುತ್ತಾಳೆ. ನಡುವೆ ಹೂವಿನ ಪಕಳೆ ಉದುರುತ್ತವೆ. ಇದಕ್ಕೆ ಪ್ರೇಮ ಎಂದು ಹೆಸರು ಕೊಟ್ಟಿದ್ದಾರೆ.

ನನಗೆ ಹೆಚ್ಚು ಸಂಕಟವಾದದ್ದು ನೀಸಾಳನ್ನು ನೋಡಿ. ಮೊದಲು ಎಂಥ ಗಟ್ಟಿ ಹುಡುಗಿ ಅವಳು. ಒಬ್ಬಳೇ ನದಿ ದಾಟಿ ಬಂದಳು, ಬೇರು ಅರೆದು ದಂಡಿನವರನ್ನೇ ಬದುಕಿಸಿದಳು. ಅವನ ಮೇಲೆ ಮನಸ್ಸಾದದ್ದೇ ತಡ, ಅಳುವುದು, ತಲೆತಿರುಗಿ ಬೀಳುವುದು ಬಿಟ್ಟು ಬೇರೆ ಕೆಲಸವಿಲ್ಲ. ಅವಳಿಗೆ ಒಳ್ಳೆಯ ಜೋಡಿಯಾಗುತ್ತಿದ್ದ ಆ ವೈದ್ಯನನ್ನಂತೂ ಸುಮ್ಮಸುಮ್ಮನೆ ಸಾಯಿಸಿಬಿಟ್ಟರು. ಅವಳ ಅಂಗಿಯ ತೋಳು ಕೂಡ ಒಂದು ಚಿತ್ರದಲ್ಲಿ ಗಿಡ್ಡ, ಮುಂದಿನ ಚಿತ್ರದಲ್ಲಿ ಉದ್ದ. ಕಥೆ ಕಟ್ಟುವವರಿಗೆ ಅವಳ ಮೇಲೆ ಲಕ್ಷ್ಯವೇ ಇಲ್ಲ ಎಂಬುದು ಬಟ್ಟೆ ಹೊಲಿಯುವ ನನಗೆ ಕಾಣದೆ ಇರುತ್ತದೆಯೇ?

ಹಿಂದಿನ ಮನೆಯ ಶರೀಫಾಬೀ ಗುಂಡಿ ಹಚ್ಚಿಸಲು ಬಂದಾಗ ಅವಳಿಗೂ ಕಥೆ ಹೇಳಿದೆ. ಅಂಥವನಿಗೆ ಕೆನ್ನೆಗೆ ಎರಡು ಕೊಟ್ಟು ಅವನ ತಾಯಿಯನ್ನು ಕರೆಸಬೇಕು ಅಂದಳು. ಮೊನ್ನೆ ನಿಮ್ಮಪ್ಪನಿಗೆ ಹೇಳಿದೆ. ಕೇಳುತ್ತಿದ್ದಾನೋ ಕಣ್ಣು ಮುಚ್ಚಿದ್ದಾನೋ ತಿಳಿಯಲಿಲ್ಲ. ಟವೆಲು ಹೆಗಲಿಗೆ ಹಾಕಿಕೊಂಡು ಕಾಲುವೆಗೆ ಹೊರಟವನು ಬಾಗಿಲಲ್ಲಿ ನಿಂತ.

"ಕಡಿ ಹೊಲದವ್ರು ಬಂದು ಒದರಿದ್ರ ನಾ ಗೇಟ್ ಎತ್ತತೀನಿ," ಅಂದ. "ಸುಮ್ಮ ನಿಂತು ನೋಡಿದ್ರ ನನಗೇನು ಕನಸು ಬೀಳ್ತದೇನು? ಆ ಹುಡುಗಿಗಿ ಒದರು ಅನ್ನು."

ಆ ಮಾತು ನನ್ನನ್ನು ಬಿಡಲಿಲ್ಲ, ಅದಕ್ಕೇ ಇವತ್ತು ಮತ್ತೆ ಬರೆಯಲು ಕೂತೆ. ನೀನಿಲ್ಲದ ಮನೆ ಬಹಳ ಬಿಕೋ ಅನ್ನುತ್ತದೆ, ಮೋನಿ. ಮಿಷಿನ್ನು ತುಳಿಯುವಾಗ ಗೊತ್ತಾಗುವುದಿಲ್ಲ, ನಿಲ್ಲಿಸಿದ ಕೂಡಲೇ ಗೊತ್ತಾಗುತ್ತದೆ. ನೀನು ಚಿಕ್ಕವಳಿದ್ದಾಗ ಶಾಲೆಯಿಂದ ಬಂದವಳೇ ನನ್ನ ಕಾಲ ಹತ್ತಿರ ಕೂತು, ಬಟ್ಟೆಯ ಚೂರು ಆರಿಸುತ್ತಾ ಮಾತಾಡುತ್ತಲೇ ಇರುತ್ತಿದ್ದೆ. ಸಾಕು ಮಾಡೇ ಎಂದು ನಾನೇ ಗದರುತ್ತಿದ್ದೆ. ನೀನು ಯಾವಾಗ ಸಾಕು ಮಾಡಿದೆಯೋ ನನಗೆ ನೆನಪಿಲ್ಲ. ಜಗಳವಂತೂ ಆಗಿಲ್ಲ. ನಮ್ಮಿಬ್ಬರಿಗೆ ಯಾವ ಮಾಟಗಾತಿಯ ಶಾಪವೂ ಇರಲಿಲ್ಲ.

ಪರೀಕ್ಷೆಗೆ ಧೈರ್ಯವಾಗಿ ಕೂರು. ತಿಂಥಣಿಯ ಮೋನಪ್ಪಯ್ಯ ನಿನ್ನನ್ನು ಕಾಯಲಿ, ನೀನು ಹೋದ ಕಡೆಯೆಲ್ಲ ನಿನಗೆ ಮಾತಿಗೊಬ್ಬರು ಸಿಗಲಿ.

ನಿನ್ನ ಅವ್ವ,
ಸುಂದ್ರಮ್ಮ

ತಾ.ಕ.: ಮಡಚಿದ ಕಾಗದ ಮತ್ತೆ ಬಿಚ್ಚಿದ್ದೇನೆ. ಆ ಕಥೆಯ ಕೆಳಗೆ ಓದಿದವರು ತಮ್ಮ ಮಾತು ಬರೆಯುವ ಜಾಗವಿದೆಯಲ್ಲ, ಅಲ್ಲಿ "ಖಾರದಪುಡಿ" ಎಂಬ ಹೆಸರಿನವಳು ನೀನೇ ಎಂದು, ಆ ಹೆಸರನ್ನು ಇನ್ನೂ ಅಳಿಸದ ಹಳೆಯ ಫೋನು ನನಗೆ ತೋರಿಸಿತು. ವೆರೋನನನ್ನು ನಿನ್ನ ಜೊತೆ ಸೇರಿ ಬೈಯುವ, ನೀನು ಅಕ್ಕಾ ಎಂದು ಕರೆಯುವ "ಹತ್ತಿಹೂವು" ನಾನು. ಫೋನಿನಲ್ಲಿ ಆ ಹೆಸರು ಮಾಡಿಕೊಟ್ಟವಳು ಶರೀಫಾಬೀಯ ಮೊಮ್ಮಗಳು. ದೀಪಾವಳಿಯ ದಿನ ನೀನು ಹೊಸ್ತಿಲ ಮೇಲೆ ಕೂತು ಫೋನು ನೋಡಿ ಬಿದ್ದು ಬಿದ್ದು ನಕ್ಕೆ. ನಿನ್ನನ್ನು ನಗಿಸಿದ ಆ ಮಾತನ್ನು ಬರೆದವಳು ಒಳಗೆ ಒಲೆಯ ಮುಂದೆ ನಿಂತಿದ್ದ ನಾನು. ಏನಾಯಿತೇ ಎಂದು ಕೇಳಿದೆ. ಏನಿಲ್ಲವ್ವಾ ಅಂದೆ ನೀನು.

ಹಾಸ್ಟೆಲಿಗೆ ಮರಳಿದ ಮೇಲೆ ನೀನು ಹತ್ತಿಹೂವಿಗೆ ಬರೆದೆ: "ಅಕ್ಕಾ, ಇಲ್ಲಿ ಭಾಳ ಒಂಟಿ ಅನಸ್ತದ. ಒಬ್ಬಾಕಿನೇ ಅಳತೀನಿ. ಅವ್ವಗ ಹೇಳಬೇಕಂದ್ರ ಆಕಿಗಿ ಉಂಡ್ಯಾ ಅಂತ ಕೇಳೋದು ಬಿಟ್ಟು ಬ್ಯಾರೆ ಏನೂ ಬರಂಗಿಲ್ಲ." ಅದನ್ನು ಓದಿದ ದಿನ ನಾನು ಮಿಷಿನ್ನು ಮುಟ್ಟಲಿಲ್ಲ. ಈ ಕಾಗದವನ್ನು ಮೇಲಿನಿಂದ ಇನ್ನೊಮ್ಮೆ ನೋಡು. ಉಂಡೆಯಾ ಎಂದು ಎಲ್ಲೂ ಕೇಳಿಲ್ಲ. ಬಹಳ ಕಷ್ಟವಾಯಿತು.

ಇದು ಗೊತ್ತಾದರೆ ನೀನು ಹತ್ತಿಹೂವಿನ ಜೊತೆಗೂ ಮಾತು ಬಿಡುತ್ತೀ ಎಂಬ ಹೆದರಿಕೆಗೆ ಇಷ್ಟು ದಿನ ಸುಮ್ಮನಿದ್ದೆ. ಬರುವ ಭಾನುವಾರ ಕಥೆಯೇ ಮುಗಿಯುತ್ತದಂತೆ. ಆಮೇಲೆ ನಾವಿಬ್ಬರೂ ಎಲ್ಲಿ ಮಾತಾಡುವುದು? ಕೊನೆಯ ಕಂತು ನಾನು ಓದುವುದಿಲ್ಲ, ಆ ಫೋನನ್ನು ಶರೀಫಾಬೀಯ ಮನೆಯಲ್ಲಿ ಇಟ್ಟುಬರುತ್ತೇನೆ. ಆ ಬೆಪ್ಪ ಗೋಪುರದಿಂದ ಇಳಿದನೋ ಇಲ್ಲವೋ, ನನ್ನ ಗುಂಡಿ ಒತ್ತುವ ಫೋನಿಗೆ ಮಾಡಿ ನೀನೇ ಹೇಳು. ನಾನು ನಡುವೆ ಏನೂ ಕೇಳುವುದಿಲ್ಲ.